ಮಾಳಪ್ಪ ಮಾಮಾನ ದನಿಯಲ್ಲಿ ಓದಿದ ಚೀಟಿ

ತಪ್ಪು ನನ್ನದೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲವಾದರೆ ಅರ್ಧ ಓದುವಷ್ಟರಲ್ಲಿ ನೀವೇ ಹಿಡಿದು ಹಾಕುತ್ತೀರಿ. ಹೆಸರಿಲ್ಲದ ಒಂದು ಚೀಟಿಯನ್ನು, ಹೆಸರಿರುವ ಒಬ್ಬ ದೊಡ್ಡ ಮನುಷ್ಯನ ದನಿ ತೆಗೆದು, ನಲವತ್ತು ಜನರ ಮುಂದೆ ಓದಿದವನು ನಾನು. ಜನ ನಕ್ಕರು. ನನಗೆ ಅಷ್ಟೇ ಬೇಕಾಗಿತ್ತು. ಆ ನಗುವಿನ ಖರ್ಚಿಗೆ ಇಬ್ಬರು ಹಳೆಯ ಗೆಳೆಯರು ಒಂದು ತಿಂಗಳು ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಹೋದ ರವಿವಾರ ಓಟ ಮುಗಿದ ಮೇಲೆ ಚೀಟಿ ಹಾಕುವ ಆ ಬಿಸ್ಕೀಟಿನ ಡಬ್ಬಿ ಮತ್ತೆ ನನ್ನ ಕೈಗೆ ಬಂತು. ಮುಚ್ಚಳ ತೆಗೆದೆ. ಹಳೆಯ ಬಿಸ್ಕೀಟು, ಬೆವರು ತಾಗಿದ ಕಾಗದ, ತುಸು ತುಕ್ಕು, ಇಷ್ಟೂ ಕೂಡಿದ ಒಂದು ವಾಸನೆ. ಮೂಗಿಗೆ ಬಡಿಯುತ್ತಲೇ ನನ್ನ ಕಿವಿ ಬಿಸಿಯಾದವು. ನಾಚಿಕೆ ಮೂಗಿನಿಂದ ಒಳಹೊಕ್ಕು ಕಿವಿಯಿಂದ ಹೊರಬೀಳುತ್ತದೆ ಎಂದು ಯಾವ ಡಾಕ್ಟರರೂ ಹೇಳಿರಲಿಕ್ಕಿಲ್ಲ. ನನ್ನ ಮೇಲೆ ಭರವಸೆ ಇಡಿ, ದಾರಿ ಅದೇ.

ಗಡಿಯ ಮರಾಠಿ ಮಗ್ಗುಲಿಗಿರುವ ನಮ್ಮ ಬೆಳುಂಕಿಯಲ್ಲಿ ಮೊದಲು ಓಡುತ್ತಿದ್ದವರು ಎರಡೇ ಬಗೆ. ಪೊಲೀಸ್ ನೇಮಕದ ಭರತಿಗೆ ತಯಾರಿ ನಡೆಸಿದ ಹುಡುಗರು, ಮತ್ತು ಬಸ್ಸು ತಪ್ಪಿದವರು. ಮೂರನೆಯ ಬಗೆಯನ್ನು ಹುಟ್ಟಿಸಿದವರು ಗುರುಪಾದ ಕಾಕಾ. ಎಸ್‌ಟಿ ಎಂಬ ಸರಕಾರಿ ಬಸ್ಸಿನ ಕಂಡಕ್ಟರಾಗಿ ನಿವೃತ್ತರಾದ ಮರುವರ್ಷವೇ ಅವರಿಗೆ ಸಕ್ಕರೆ ಕಾಯಿಲೆ ಅಂಟಿತು. ಡಾಕ್ಟರರು ನಡೆಯಿರಿ ಅಂದರು. ಕಾಕಾ ನಡೆದರು, ಒಬ್ಬರೇ ನಡೆಯಲು ಬೇಜಾರಾಗಿ ಊರನ್ನೂ ನಡೆಸಿದರು, ನಡೆಯುವುದು ಸಾಲದೆಂದು ಓಡಿಸಿದರು. ಗಣಪತಿಗೆ ಒಂದು ಮಂಡಳ ಇರುವಂತೆ ಓಟಕ್ಕೂ ಒಂದು ಮಂಡಳ ಆಯಿತು. ತಿಂಗಳ ಕೊನೆಯ ರವಿವಾರ ಒಂದು ಓಟ. ಒಮ್ಮೆ ಬಾಲಗಾಂವದ ದಿಕ್ಕಿಗೆ ಹೊಲದ ದಾರಿಯಲ್ಲಿ, ಒಮ್ಮೆ ಹೆಂಗಸರದ್ದೇ ಓಟ, ಒಮ್ಮೆ ಕರಜಗಿಯವರನ್ನು ಕರೆದು ಅವರ ಜೊತೆ ಪಂದ್ಯ. ಶುರುವಿಗೆ ಪಿಸ್ತೂಲು ಗಿಸ್ತೂಲು ಇಲ್ಲ, ಕಾಕಾನ ಹಳೆಯ ಕಂಡಕ್ಟರ್ ಸೀಟಿ.

ನಾನು ಯಾಕೆ ಸೇರಿದೆ ಎಂದು ಕೇಳಬೇಡಿ. ಓಟದಲ್ಲಿ ನನ್ನ ಜಾಗ ಎಲ್ಲರ ಹಿಂದೆ. ಆದರೆ ಮಂದಿಯ ನಕಲು ಮಾಡುವವನಿಗೆ ಹಿಂದೆ ಓಡುವುದರಲ್ಲೇ ಲಾಭ. ಯಾರು ತೋಳು ಹೇಗೆ ಬೀಸುತ್ತಾರೆ, ಯಾರು ಏದುಸಿರಿನಲ್ಲಿ ದೇವರನ್ನು ನೆನೆಯುತ್ತಾರೆ, ಯಾರು ಹೆಂಡತಿ ನೋಡುತ್ತಿರುವಾಗ ಮಾತ್ರ ಜೋರು ಓಡುತ್ತಾರೆ, ಎಲ್ಲ ಕಾಣುತ್ತದೆ. ಸಂಜೆ ಕಟ್ಟೆಯ ಮೇಲೆ ಅದನ್ನೇ ಮಾಡಿ ತೋರಿಸುತ್ತಿದ್ದೆ. ಕೊನೆಗೆ ನನ್ನ ಓಟವನ್ನೂ ಮಾಡಿ ತೋರಿಸುತ್ತಿದ್ದೆ. ಅದಕ್ಕೆ ಎಲ್ಲಕ್ಕಿಂತ ಹೆಚ್ಚು ನಗು ಬೀಳುತ್ತಿತ್ತು ಎಂಬುದನ್ನು ಪ್ರಾಮಾಣಿಕವಾಗಿ ಒಪ್ಪಿಕೊಳ್ಳುತ್ತೇನೆ.

ಕಾಕಾನದು ಒಂದೇ ಕೊರತೆ, ಭಾಷಣ. ಪಾಪ, ಅವರನ್ನೂ ಬೈಯುವಂತಿಲ್ಲ. ಬಸ್ಸಿನಲ್ಲಿ ಅಷ್ಟು ವರ್ಷ 'ಪುಢೆ ಸರಕಾ, ಪುಢೆ ಸರಕಾ', ಮುಂದೆ ಸರೀರಿ ಮುಂದೆ ಸರೀರಿ, ಇಷ್ಟು ಬಿಟ್ಟು ಬೇರೆ ಮಾತು ಆಡಲು ಅವರಿಗೆ ಪುರಸೊತ್ತು ಸಿಕ್ಕಿರಲಿಲ್ಲ. ಉಳಿದ ಮಾತೆಲ್ಲ ಹೊಟ್ಟೆಯಲ್ಲಿ ಹಾಗೇ ಇತ್ತು. ಓಟ ಮುಗಿದು, ನಾವು ಸಾಲಿಯ, ಅಂದರೆ ಶಾಲೆಯ, ಅಂಗಳದಲ್ಲಿ ಬೆವರು ಒರೆಸಿಕೊಳ್ಳುತ್ತ ನಿಂತಾಗ ಅದು ಹೊರಗೆ ಬರುತ್ತಿತ್ತು. ಗೋಡೆಯ ಆಚೆ ಅವರ ಹೆಂಡತಿ ಶಾಂತಾ ಕಾಕು ಮೂರು ಕಲ್ಲಿನ ಒಲೆಯ ಮೇಲೆ ಎಲ್ಲರಿಗೂ ಉಪ್ಪಿಟ್ಟು ಮಾಡಿರುತ್ತಿದ್ದರು. ವಾಸನೆ ಈಚೆ ಬರುತ್ತಿತ್ತು, ಉಪ್ಪಿಟ್ಟು ಬರುತ್ತಿರಲಿಲ್ಲ.

ಈಗ ಶೇರಾದ ಮಾತು. ಶೇರಾ ಅಂದರೆ ನಮ್ಮ ಕಡೆ, ಸಾಲಿಯ ತಪಾಸಣೆಗೆ ಬಂದ ಸಾಹೇಬರು ಹೋಗುವಾಗ ಪುಸ್ತಕದಲ್ಲಿ ಬರೆದುಹೋಗುವ ಅಭಿಪ್ರಾಯ. ಮಂಡಳಕ್ಕೂ ಅಂಥದ್ದೊಂದು ಪುಸ್ತಕ ಇರಲಿ, ಪ್ರತಿ ಓಟ ಹೇಗಾಯಿತೆಂದು ಮೆಂಬರುಗಳು ಬರೆಯಲಿ ಎಂದು ಕಾಕಾ ಇಟ್ಟರು. ಆದರೆ ಒಬ್ಬರ ಉಪ್ಪಿಟ್ಟು ತಿಂದು, ಅದೇ ಕೈಯಿಂದ ಅವರ ಹುಳುಕು ಬರೆಯುವ ಮಂದಿ ನಾವಲ್ಲ. ವರ್ಷವಿಡೀ ಎಲ್ಲರೂ ಬರೆದದ್ದು ಒಂದೇ: ವ್ಯವಸ್ಥೆ ಉತ್ತಮ. ಕಲ್ಲಿನ ದಾರಿಯಲ್ಲಿ ಹೆಬ್ಬೆರಳಿನ ಉಗುರು ಕಿತ್ತುಕೊಂಡವನು, ರಕ್ತ ಒರೆಸಿಕೊಂಡು ಬಂದು, 'ಮಾರ್ಗ ಭಾಳ ಚಲೋ' ಎಂದು ಬರೆದು ಸಹಿ ಮಾಡಿದ. ಕಾಕಾಗೆ ಸಿಟ್ಟು ಬಂತು. ಖರೇ ಹೇಳದಿದ್ದರೆ ಮುಂದಿನ ಓಟ ಸುಧಾರಿಸುವುದು ಹೇಗೆ ಎಂದು ಪುಸ್ತಕ ಮುಚ್ಚಿಸಿ, ಬಿಸ್ಕೀಟಿನ ಡಬ್ಬಿ ತರಿಸಿದರು. ಹೆಸರು ಬರೆಯುವುದು ಬೇಡ, ಮನಸ್ಸಿನಲ್ಲಿದ್ದುದನ್ನು ಚೀಟಿಯಲ್ಲಿ ಬರೆದು ಹಾಕಿ ಅಂದರು. ಓದುವ ಕೆಲಸ ನನಗೆ ಬಂತು, ಗಂಟಲು ದೊಡ್ಡದೆಂದು. ಕೋಳಿ ಕಾಯಲು ನರಿಯನ್ನು ಇಟ್ಟ ಹಾಗೆ.

ಮೊದಲನೆಯ ಚೀಟಿಯಲ್ಲಿ, ನೀರು ಅರ್ಧ ದಾರಿಯಲ್ಲಿ ಇಡಬೇಕು, ಕೊನೆಯಲ್ಲಿ ಇಟ್ಟರೆ ಬದುಕಿದವರಿಗಷ್ಟೇ ಸಿಗುತ್ತದೆ ಎಂದಿತ್ತು. ಬರಹ ಕಂಡೊಡನೆ ಕರಜಗಿಯ ಕಂಪೌಂಡರರದು ಎನಿಸಿತು. ಅವರು ಮಾತಾಡುವುದೆಲ್ಲ ಮೂಗಿನಲ್ಲಿ. ಹಾಗೇ ಓದಿದೆ. ಜನ ನಕ್ಕರು, ಕಂಪೌಂಡರರೂ ನಕ್ಕು, ಹೌದು ನಂದೇ ಎಂದು ಕೈ ಎತ್ತಿದರು. ಎರಡನೆಯದು, ಹೆಂಗಸರ ಓಟ ಇನ್ನೂ ಲಗೂನ ಇಡಬೇಕು, ಆಮೇಲೆ ರೊಟ್ಟಿ ಬಡಿಯುವುದಿರುತ್ತದೆ ಎಂದು. ಅದನ್ನು ಅಂಗನವಾಡಿಯ ಟೀಚರ್ ಬಾಯಿಯವರ ದನಿಯಲ್ಲಿ ಓದಿದೆ. ಅದೂ ಸರಿಹೋಯಿತು. ಎರಡು ಚೀಟಿ ಸರಿ ಹೊಂದಿದ್ದೇ, ನನಗೆ ನಾನು ಜ್ಯೋತಿಷಿ ಅನಿಸಿಬಿಟ್ಟಿತು.

ಮೂರನೆಯದು ಬಿಚ್ಚಿದೆ. ಬಹುತೇಕ ಚೀಟಿಗಳು ಮರಾಠಿಯಲ್ಲಿದ್ದವು, ಇದು ಕನ್ನಡದಲ್ಲಿ, ದಪ್ಪ ದಪ್ಪ ಅಕ್ಷರ. ನಮ್ಮ ಮೆಂಬರುಗಳಲ್ಲಿ ಮರಾಠಿ ಸಾಲಿ ಕಲಿತವರೇ ಹೆಚ್ಚು. ಕನ್ನಡ ಸಾಲಿಯಲ್ಲಿ ನಾಲ್ಕನೆಯ ಇಯತ್ತೆ ಮುಗಿಸಿ ಅಷ್ಟಕ್ಕೇ ಬಿಟ್ಟವರು ಮಾಳಪ್ಪ ಮಾಮಾ. ಮುಗಿಯಿತು, ನನ್ನ ಲೆಕ್ಕ ಕೂಡಿಬಂತು.

ಮಾಳಪ್ಪ ಮಾಮಾ ಕುರಿ ಕಾಯುವವರು. ಧೋತರ ಮೇಲೆ ಕಟ್ಟಿ ಓಡಲು ನಿಂತರೆ ಭರತಿಯ ಹುಡುಗರಿಗೂ ಅವರ ಬೆನ್ನೇ ಕಾಣುವುದು. ಗುರುಪಾದ ಕಾಕಾನ ಬಾಲ್ಯದ ಗೆಳೆಯ. ಕಾಕಾ ಡ್ಯೂಟಿಯಲ್ಲಿದ್ದಾಗ, ಸ್ಟಾಪೇ ಇಲ್ಲದ ಬಯಲಿನಲ್ಲಿ ಸೀಟಿ ಊದಿ ಬಸ್ಸು ನಿಲ್ಲಿಸಿ, ಕಂಬಳಿಯೊಳಗಿನ ಮರಿಯ ಸಮೇತ ಈ ಮಾಮಾನನ್ನು ಹತ್ತಿಸಿಕೊಳ್ಳುತ್ತಿದ್ದರಂತೆ. ಮಾಮಾನ ಮಾತಿಗೆ ಒಂದು ರೀತಿ ಇದೆ. ಅರ್ಧ ಹೇಳಿ ನಿಲ್ಲುತ್ತಾರೆ, ಕುರಿ ಹಿಂಡು ರಸ್ತೆ ದಾಟಲಿ ಎಂದು ಕಾದವರ ಹಾಗೆ, ಆಮೇಲೆ ಉಳಿದರ್ಧ. ನನ್ನ ಕಟ್ಟೆಯ ಆಟದಲ್ಲಿ ಅದೇ ಅತ್ಯುತ್ತಮ ಐಟಂ. ದನಿ ತಗ್ಗಿಸಿ, ಗಂಟಲು ಕೆರೆದು ಓದಿದೆ:

"ಓಟ ಮುಕ್ಕಾಲು ತಾಸು..." ಎಂದು ನಿಂತೆ. ಕುರಿ ದಾಟಲು ಬಿಟ್ಟೆ. "ಭಾಷಣಾ ಒಂದು ತಾಸು. ಮಾತಿಗೂ ಒಂದು ಸ್ಟಾಪ್ ಇರಬೇಕು. ತಿನ್ನೂದೆಲ್ಲಾ ತಣ್ಣಗಾಗಿ ಹೋಗತೈತಿ."

ಅಂಗಳ ಬಿದ್ದು ಬಿದ್ದು ನಕ್ಕಿತು. ಗುರುಪಾದ ಕಾಕಾನೂ ನಕ್ಕರು, ಆದರೆ ಎಲ್ಲರಿಗಿಂತ ಒಂದು ಉಸಿರು ತಡವಾಗಿ. ಬೇವಿನ ಗಿಡದ ಕೆಳಗೆ ನಿಂತಿದ್ದ ಮಾಳಪ್ಪ ಮಾಮಾನ ಕಡೆ ನೋಡಿದರು. ಮಾಮಾ ಕಾಕಾನನ್ನೇ ನೋಡುತ್ತಿದ್ದರು. ಕಾಕಾ ಕೈಯಲ್ಲಿದ್ದ ಭಾಷಣದ ಕಾಗದ ಮಡಚಿ ಜೇಬಿಗಿಟ್ಟು, ಉಪ್ಪಿಟ್ಟು ತಗೋರಿ ಅಂದರು. ಅವರ ಜೀವಮಾನದ ಅತಿ ಚಿಕ್ಕ ಭಾಷಣ. ಅಂದು ಉಪ್ಪಿಟ್ಟು ಬಿಸಿ ಇತ್ತು. ಮಾಮಾ ತಿನ್ನದೆ ಹೋಗಿದ್ದರು.

ಆಮೇಲಿನ ತಿಂಗಳು ಸೀಟಿ ಗೂಟಕ್ಕೆ ಬಿತ್ತು. ಮಾಳಪ್ಪಗೇ ನನ್ನ ಮಾತು ಭಾರವಾಗಿದ್ದರೆ ಇನ್ನು ಯಾರಿಗಾಗಿ ಮಂಡಳ ನಡೆಸಲಿ ಎಂದು ಕಾಕಾ ಹೇಳುತ್ತಿದ್ದರಂತೆ. ದಿನಾ ಬೆಳಿಗ್ಗೆ ನಡೆಯುತ್ತಿದ್ದ ಅಭ್ಯಾಸದ ಓಟವೂ ತಾನಾಗಿಯೇ ನಿಂತಿತು. ಭರತಿಯ ಹುಡುಗರೂ ಬಿಸಿಲೇರಿದ ಮೇಲೆ ಏಳತೊಡಗಿದರು. ನಾನು ಕಟ್ಟೆಗೆ ಹೋದರೆ, ಮಾಮಾನ ಐಟಂ ಮಾಡು ಎನ್ನುವವರು. ಒಮ್ಮೆ ಮಾಡಲು ಹೋದೆ, ದನಿ ಬರಲಿಲ್ಲ. ನಾನು ಬರೀ ಊಹೆಯ ಮೇಲೆ ಓದಿದ್ದು, ಮಾಮಾನೇ ಬರೆದದ್ದೆಂಬುದಕ್ಕೆ ನನ್ನ ಬಳಿ ಏನೂ ಆಧಾರವಿಲ್ಲ ಎಂದು ಒಬ್ಬರಿಗೆ ಹೇಳಿದ್ದರೂ ಸಾಕಿತ್ತು. ಹೇಳಲಿಲ್ಲ. ಹೇಳಿದರೆ ನನ್ನ ನಕಲು ತಪ್ಪಿತು ಎಂದಾಗುತ್ತದಲ್ಲ. ನೋಡಿ, ಎಂಥ ಕಲಾವಿದ.

ಕೊನೆಗೆ ಒಂದು ಮುಂಜಾನೆ ಹೋದೆ. ಮಾಮಾ ಜೋಳ ಕೊಯ್ದ ಹೊಲವೊಂದರಲ್ಲಿ ಕುರಿ ತರುಬಿದ್ದರು. ನಾಯಿ ನನ್ನನ್ನು ನೋಡಿ, ಊರಿನವರ ಪರವಾಗಿ ಬೊಗಳಿತು. ನಾನು ನಿಂತೇ ಎಲ್ಲ ಹೇಳಿದೆ: ಅಕ್ಷರ ಕಂಡು ಊಹಿಸಿದೆ, ನಗಿಸಲು ಓದಿದೆ, ತಪ್ಪಾಯಿತು. ಅಂದೇ ಅಲ್ಲೇ ನೀವು ಅಲ್ಲ ಅನ್ನಬಹುದಿತ್ತಲ್ಲ ಎಂದು ಬಾಯಿ ತಪ್ಪಿ ಕೇಳಿಯೂಬಿಟ್ಟೆ. ಮಾಮಾ ಕೋಲಿನ ತುದಿಯಿಂದ ಮಣ್ಣು ಕೆದರಿದರು.

"ಗುರುಪಾದ ನಂಬಿದ," ಅಂದರು. ನಿಂತರು. "ಅಂವ ನಂಬಿದ ಮ್ಯಾಲ ನಾ ಅಲ್ಲ ಅಂದು ಏನ್ ಮಾಡ್ಲಿ? ನಂಗ ಅನ್ನೂದಿದ್ರ ಅವನ ಮಾರಿ ನೋಡೇ ಅಂತಿದ್ದೆ. ನೀ ನನ್ನ ದನಿ ಒಯ್ದು ಅದರಾಗ ಮಂದಿ ಮಾತ ತುಂಬಿದಿ, ತಮ್ಮಾ. ಎಲ್ಲಿ ಒಯ್ದಿದ್ಯೋ ಅಲ್ಲೇ ಇಳಿಸಿ ಬಾ."

ಬೈದಿದ್ದರೆ ಚೆನ್ನಾಗಿತ್ತು. ಬೈಗುಳವಾದರೆ ಸಂಜೆ ನಕಲು ಮಾಡಬಹುದಿತ್ತು.

ತಿಂಗಳ ಕೊನೆಯ ರವಿವಾರ ಬಂತು. ಮನೆ ಮನೆಗೆ ಹೋಗಿ, ಓಟ ಇದೆ, ಬರ್ರಿ ಎಂದು ಕರೆದೆ. ಕಾಕಾನ ಮನೆಗೂ ಹೋಗಿ, ಎಲ್ಲರೆದುರು ಒಂದು ಮಾತು ಹೇಳುವುದಿದೆ, ನೀವು ಇಲ್ಲದೆ ಹೇಳಲಾಗದು ಎಂದೆ. ಅವರು ಬಂದರು, ಸೀಟಿ ತರಲಿಲ್ಲ. ಕಾಕು ಮಾತ್ರ ಎಂದಿನಂತೆ ಗೋಡೆಯ ಆಚೆ ಒಲೆ ಹಚ್ಚಿದರು. ಮಾಮಾ ಎಲ್ಲರಿಗಿಂತ ಮೊದಲು ಓಡಿ ಬಂದು ಬೇವಿನ ಗಿಡದ ಕಟ್ಟೆಯ ಮೇಲೆ ಕೂತರು.

ನಾನು ಡಬ್ಬಿಯಿಂದ ಅದೇ ಚೀಟಿ ತೆಗೆದೆ. ಹೋದ ತಿಂಗಳು ಇದನ್ನು ಮಾಳಪ್ಪ ಮಾಮಾನ ದನಿಯಲ್ಲಿ ಓದಿದ್ದೆ, ಇದು ಅವರದ್ದಲ್ಲ, ನನಗೆ ಗೊತ್ತಿಲ್ಲದೆ ಗೊತ್ತಿದ್ದವನಂತೆ ಓದಿದೆ ಎಂದು ಹೇಳಿದೆ. ಈಗ ಇದ್ದದ್ದನ್ನು ಇದ್ದ ಹಾಗೆ ಓದುತ್ತೇನೆ ಎಂದು ಶುರುಮಾಡಿದೆ. ಆಗ ಒಂದು ವಿಷಯ ತಿಳಿಯಿತು. ಇಡೀ ತಾಲೂಕಿನ ದನಿ ತೆಗೆಯುವ ನನಗೆ ನನ್ನ ದನಿಯ ಪರಿಚಯವೇ ಇರಲಿಲ್ಲ. ನಿನ್ನೆ ಹುಟ್ಟಿದ ಕುರಿಮರಿಯ ಹಾಗೆ ಸಣ್ಣಗೆ ಬಂತು. ಓಟ ಮುಕ್ಕಾಲು ತಾಸು, ಭಾಷಣಾ ಒಂದು ತಾಸು... ಒಬ್ಬರೂ ನಗಲಿಲ್ಲ.

ಕಾಕಾ ತಲೆ ಬಗ್ಗಿಸಿ ಕೇಳಿದರು. ಆಮೇಲೆ ಮಾಮಾನ ಕಡೆ ತಿರುಗಿ, ತಪ್ಪಾತು ಮಾಳಪ್ಪ ಎಂದಷ್ಟೇ ಅಂದರು. ಮಾಮಾ ಕಟ್ಟೆಯ ಮೇಲೆ ತುಸು ಸರಿದು ಕೂತು, ಪಕ್ಕದಲ್ಲಿ ಒಬ್ಬರಿಗಾಗುವಷ್ಟು ಜಾಗ ಮಾಡಿದರು. ಕಾಕಾ ಹೋಗಿ ಕೂತರು. ಯಾವ ಓಟದ ಕೊನೆಯಲ್ಲೂ ನಾನು ಅಷ್ಟು ಸುಖವಾಗಿ ಉಸಿರು ಬಿಟ್ಟದ್ದಿಲ್ಲ.

ಹಾಗಿದ್ದರೆ ಇದನ್ನು ಬರೆದವರು ಯಾರು ಎಂದು ಕಾಕಾ ಕೇಳಿದರು. ಎಲ್ಲರೂ ಎಲ್ಲರನ್ನೂ ನೋಡಿದರು. ಗೋಡೆಯ ಆಚೆ ಸೌಟಿನ ಸಪ್ಪಳ ನಿಂತಿತು. ಸೆರಗಿನಲ್ಲಿ ಕೈ ಒರೆಸುತ್ತ ಶಾಂತಾ ಕಾಕು ಬಂದರು.

"ನಾ ಬರದೀನಿ," ಅಂದರು. "ಮಾಳಪ್ಪಣ್ಣ ಏನೋ ಬರದ, ನನ್ನ ಮಾನಾ ಹೋತು ಅಂತ ಇವ್ರು ತಿಂಗಳಾತು ಮನ್ಯಾಗ ಕುಂತಾರ. ಅವತ್ತ ನಗಿ ಗದ್ದಲದಾಗ ನಂಗೇನೂ ಕೇಳಿಲ್ಲ. ಏನ್ ಬರದ ಅಂತ ನಂಗ ಹೇಳಬೇಕೋ ಬ್ಯಾಡೋ?"

ಕಾಕುವಿನ ತವರು ಗಡಿಯ ಕನ್ನಡ ಮಗ್ಗುಲಿನ ಇಂಡಿ ತಾಲೂಕಿನ ಕಡೆ, ಕಲಿತದ್ದು ಕನ್ನಡ ಸಾಲಿ. ಚೀಟಿಗಳನ್ನು ಕತ್ತರಿಸಿಕೊಟ್ಟವರೂ ಅವರೇ. ಒಂದನ್ನು ತಾವೇ ಬರೆದು ಹಾಕಿದ್ದರು. ಮೊದಲು ನಕ್ಕವರು ಮಾಳಪ್ಪ ಮಾಮಾ. ಅವರ ನಗುವೂ ಮಾತಿನಂತೆಯೇ, ಅರ್ಧ ನಕ್ಕು, ನಿಂತು, ಉಳಿದರ್ಧ. ಕಾಕಾ ಮಾತ್ರ ಕಂಡಕ್ಟರ್ ಅಲ್ಲವೆ, ಕಾಯ್ದೆಯ ಕಂಬ ಹಿಡಿದುಕೊಂಡರು. ಓಡುವವರು ಬರೆಯಬೇಕಾದ ಶೇರಾ ಇದು, ನೀ ಓಡಾಕಿಯೂ ಅಲ್ಲ, ಮೆಂಬರೂ ಅಲ್ಲ, ಈ ಚೀಟಿ ನಡೆಯಂಗಿಲ್ಲ ಅಂದರು.

ಈಗ ನಮ್ಮ ಮಂಡಳದಲ್ಲಿ ಮೊದಲು ಉಪ್ಪಿಟ್ಟು, ಆಮೇಲೆ ಭಾಷಣ. ಹೊಟ್ಟೆ ತುಂಬಿದ ಮೇಲೆ ಅದೇ ಭಾಷಣ ಅಷ್ಟೇನೂ ಕೆಟ್ಟದ್ದಲ್ಲ. ಬಹಳ ಜನ ಕೂತು ಕೇಳುತ್ತಾರೆ. ಹೋದ ರವಿವಾರವೂ ಡಬ್ಬಿಯ ಚೀಟಿಗಳನ್ನು ನಾನೇ ಓದಿದೆ, ನನ್ನ ಆ ಸಣ್ಣ ದನಿಯಲ್ಲಿ. ನಗು ಕಡಿಮೆ. ಚೀಟಿ ಮಾತ್ರ ಹೆಚ್ಚಾಗಿವೆ, ಮತ್ತು 'ವ್ಯವಸ್ಥೆ ಉತ್ತಮ' ಎಂಬ ಒಂದು ಚೀಟಿಯೂ ಇರಲಿಲ್ಲ. ಇದೆಲ್ಲ ಸಾಧ್ಯವಾದದ್ದು ಅಂದು ಗಂಡನ ಕಾಯ್ದೆಗೆ ಕಾಕು ಕೊಟ್ಟ ಉತ್ತರದಿಂದ. ಒಂದಕ್ಷರ ಹೆಚ್ಚಿಸದೆ ಬರೆಯುತ್ತೇನೆ:

"ಅವರು ನಿಮ್ಮ ಭಾಷಣಾ ತಿಂಗಳಿಗೆ ಒಂದ್ ಸಲ ಕೇಳ್ತಾರ್ರಿ. ನೀವು ಕನ್ನಡಿ ಮುಂದ ನಿಂತು ಕಲಿಯೂದು ನಾ ಎಂಟ್ ದಿನಾ ಕೇಳ್ತೀನಿ. ನಾ ಬರೀಲಿಲ್ಲಂದ್ರ ಇನ್ಯಾರ್ ಬರೀಬೇಕು?"