ಅಜ್ಜ ಕೆತ್ತಿದ ದಪ್ಪ ಬಿಲ್ಲೆ

ಎರಡನೇ ಮಹಾಯುದ್ಧದ ಆ ವರ್ಷಗಳಲ್ಲಿ ಮಂಗಳೂರಿನ ಅಂಗಡಿಗಳಲ್ಲಿ ಸೀಮೆಎಣ್ಣೆಗೇ ತತ್ವಾರ; ಇನ್ನು ಮ್ಯಾಂಡೊಲಿನ್ ತಂತಿ ಮೀಟುವ ಬಿಲ್ಲೆ ಎಲ್ಲಿಂದ ಸಿಗಬೇಕು? ನನಗಾಗ ಹನ್ನೊಂದು ವರ್ಷ. ಬಿಕರ್ನಕಟ್ಟೆಯಿಂದ ಜೆಪ್ಪುವಿಗೆ ನಡೆದು ಹೋಗಿ, ಒಬ್ಬ ಮಾಸ್ಟರ ಮನೆಯಲ್ಲಿ ಅವರದೇ ವಾದ್ಯದಲ್ಲಿ ಕಲಿಯುತ್ತಿದ್ದೆ. ಅಪ್ಪನಿಗೆ ಇದು ಹಿಡಿಸಿರಲಿಲ್ಲ. ಶಾಲೆಯ ವಾರ್ಷಿಕೋತ್ಸವದಲ್ಲಿ ನುಡಿಸಲು ಮಾಸ್ಟರು ಒಬ್ಬಳನ್ನೇ ಆರಿಸುತ್ತಾರೆಂದು ತಿಳಿದಾಗ, ಆ ಒಬ್ಬಳು ನೀನಾಗದಿದ್ದರೆ ಜೆಪ್ಪುವಿನ ದಾರಿ ಮರೆತುಬಿಡು ಎಂದರು.

ಶನಿವಾರ ಆರಿಸುತ್ತೇನೆ, ನಿಮ್ಮ ನಿಮ್ಮ ಬಿಲ್ಲೆ ತನ್ನಿ, ಚಿಪ್ಪಿನದಾದರೆ ಒಳ್ಳೆಯದು ಎಂದು ಮಾಸ್ಟರು ಹೇಳಿದ್ದರು. ಅವರ ಮನಸ್ಸಿನಲ್ಲಿದ್ದದ್ದು ಆಮೆಯ ಚಿಪ್ಪು. ತುಳು ಮಾತಾಡುವ ನಮಗೆ ಚಿಪ್ಪಿ ಎಂದರೆ ತೆಂಗಿನ ಗೆರಟೆ, ಅಂದರೆ ಕರಟ. ನಾನು ನೇರ ಅಜ್ಜನ ಹತ್ತಿರ ಓಡಿದೆ. ಗೆರಟೆಯಿಂದ ಸೌಟು ಮಾಡುವುದರಲ್ಲಿ ಅವರದ್ದು ಎತ್ತಿದ ಕೈ.

ಎರಡು ದಿನ ಕೂತು ಎರಡು ಬಿಲ್ಲೆ ಕೆತ್ತಿದರು. ಉಜ್ಜಿದ ಗೆರಟೆಯ ಸುಟ್ಟಂಥ ವಾಸನೆ, ಮೇಲೆ ಸವರಿದ ಕೊಬ್ಬರಿ ಎಣ್ಣೆಯ ವಾಸನೆ ಜಗಲಿಯಿಡೀ ತುಂಬಿತ್ತು. ಒಂದು ತೆಳು, ನುಣುಪು, ಫಳಫಳ ಹೊಳೆಯುತ್ತಿತ್ತು. ಇನ್ನೊಂದು ದಪ್ಪ, ಕಪ್ಪು, ನೋಡಲು ಏನೂ ಚೆಂದವಿಲ್ಲ. ಮನೆಯಲ್ಲಿ ವಾದ್ಯವಿರಲಿಲ್ಲ, ಕೊಡೆಯ ಕಡ್ಡಿಗೆ ಮೀಟಿ ಮೀಟಿ ನೋಡಿದೆ, ಏನೂ ತಿಳಿಯಲಿಲ್ಲ.

"ತೆಳುವಿನದ್ದು ಕೈಗೆ ಹಿತ ಮಗಾ. ಆದರೆ ಸ್ವರ ದೂರ ಹೋಗುವುದಿಲ್ಲ. ದಪ್ಪದ್ದನ್ನೇ ಕೊಂಡುಹೋಗು" ಎಂದರು ಅಜ್ಜ.

ಹೂಂ ಎಂದೆ. ಆದರೆ ಮಾಸ್ಟರ ಹತ್ತಿರ ನನ್ನ ಜೊತೆ ಕಲಿಯುತ್ತಿದ್ದ ಇನ್ನೊಬ್ಬ ಹುಡುಗಿಯ ಎದುರು ಆ ಕರಿ ತುಂಡನ್ನು ಹಿಡಿಯಲು ನಾಚಿಕೆಯಾಗಿ, ಶನಿವಾರ ಅದನ್ನು ಪೆಟ್ಟಿಗೆಯಲ್ಲೇ ಬಿಟ್ಟು ಹೋದೆ.

ಅವಳ ಬಿಲ್ಲೆ ನಿಜವಾದ ಆಮೆಚಿಪ್ಪಿನದು. ಅವಳು ಮೀಟಿದಾಗ ಸ್ವರ ಅಂಗಳಕ್ಕೆ ಹೋಯಿತು. ನನ್ನ ಸರದಿ ಬಂದಾಗ ಬೆರಳು ಬೆವರಿ ಬಿಲ್ಲೆ ಜಾರುತ್ತಿತ್ತು. ಒಂದು ಸ್ವರವೂ ತಪ್ಪಲಿಲ್ಲ, ಆದರೆ ಮಾಸ್ಟರು ಕುರ್ಚಿಯನ್ನು ಹತ್ತಿರ ಎಳೆದುಕೊಂಡರು. ನಾನು ಇನ್ನಷ್ಟು ಜೋರಾಗಿ ಮೀಟಿದೆ.

ಮುಗಿದ ಮೇಲೆ ಬಿಲ್ಲೆಯನ್ನು ತಿರುಗಿಸಿ ನೋಡಿದರು. "ಗೆರಟೆಯಾ? ಅಡ್ಡಿಯಿಲ್ಲ ಮಾರಾಯ್ತಿ. ಇದು ತೆಳು ಆಯ್ತು. ದಪ್ಪದ್ದು ಉಂಟಾ?"

"ಮನೆಯಲ್ಲಿ ಉಂಟು."

ಬಿಕರ್ನಕಟ್ಟೆಗೆ ಹೋಗಿ ಬರುವಷ್ಟು ಹೊತ್ತಿರಲಿಲ್ಲ. ಅವಳನ್ನು ಆರಿಸಿದರು.

ಮನೆಗೆ ಬಂದಾಗ ಅಜ್ಜ ಗೇಟಿನಲ್ಲೇ ನಿಂತಿದ್ದರು. ಮುಖ ನೋಡಿಯೇ ತಿಳಿದುಕೊಂಡರು. ಯಾವುದರಲ್ಲಿ ನುಡಿಸಿದೆ ಎಂದು ಕೇಳಿದರು. ಅವರ ಮಾತು ಮೀರಿದ್ದೇನೆಂದು ಹೇಳಲು ಹೆದರಿದೆ.

"ದಪ್ಪದ್ದರಲ್ಲಿ."

ಅಜ್ಜ ತಮ್ಮ ಕೈಗಳನ್ನು ನೋಡಿಕೊಂಡರು. "ಹಾಗಾದರೆ ನನ್ನ ಕೈ ತಪ್ಪಿತು ಮಗಾ" ಎಂದರು. ಜೆಪ್ಪುವಿನ ದಾರಿ ಅಂದಿಗೆ ಮುಗಿಯಿತು. ಅಜ್ಜ ಆಮೇಲೆ ಸೌಟು ಮಾಡಿದರು, ಬಿಲ್ಲೆ ಕೆತ್ತಲಿಲ್ಲ.

ಈಗ ಮೊಮ್ಮಗಳ ಗಿಟಾರಿಗೆ ಬಣ್ಣಬಣ್ಣದ ಪ್ಲಾಸ್ಟಿಕ್ ಬಿಲ್ಲೆಗಳು ಡಬ್ಬಿ ತುಂಬ ಇವೆ. ಒಂದು ಕಳೆದರೆ ಯಾರೂ ಹುಡುಕುವುದಿಲ್ಲ. ಮೊನ್ನೆ ಪೆಟ್ಟಿಗೆಯಿಂದ ಆ ದಪ್ಪ ಬಿಲ್ಲೆ ತೆಗೆದು ಅವಳ ಕೈಗೆ ಕೊಟ್ಟು ನಾನು ಹಿತ್ತಿಲಿಗೆ ಹೋಗಿ ನಿಂತೆ. ಅವಳು ಮೀಟಿದಳು. ಬಾವಿಕಟ್ಟೆಯ ತನಕ ಸ್ಪಷ್ಟವಾಗಿ ಕೇಳಿಸಿತು. ಅಜ್ಜನ ಕೈ ತಪ್ಪಿರಲಿಲ್ಲ. ಅದನ್ನು ಹೇಳೋಣವೆಂದರೆ ಅಜ್ಜ ಇಲ್ಲ.