ಅರ್ಥಿಂಗ್ ಇಲ್ಲದ ಮನೆಯ ಬಾಣಂತನ

ಜಯಲತಾಳ ಹೊಟ್ಟೆಯುರಿಗೆ ಒಂದು ಹೆಸರಿತ್ತು, ಕಾಂಚನಾ. ಗಂಡನ ತಮ್ಮನ ಹೆಂಡತಿ. ಉಡುಪಿ ಕಡೆಯಿಂದ ಮದುವೆಯಾಗಿ ಬಂದ ಜಯಲತಾ ಠಾಣೆಯ ಕೋಪರಿಯಲ್ಲಿ ಎರಡು ಕೋಣೆಯ ಮನೆ ಹೊಕ್ಕವಳು, ಅಲ್ಲೇ ತಲೆಗೂದಲು ಬೆಳ್ಳಗಾಗಿಸಿಕೊಂಡಳು. ಗಂಡ ಸರ್ವೋತ್ತಮ ಸ್ಟೇಷನ್ ಹತ್ತಿರದ ಹೋಟೆಲಿನ ಗಲ್ಲಾದಲ್ಲಿ ಕೂತವನು ಕೂತಲ್ಲೇ ಉಳಿದ. ಮೈದುನ ಕೇಟರಿಂಗ್ ಹಿಡಿದು ಮೇಲೆ ಬಂದ, ಖಾರ್ಘರಿನಲ್ಲಿ ಹೊಸ ಟವರಿನಲ್ಲಿ ಮನೆ ತೆಗೆದ. ಆ ಮನೆಯ ಮೇಲೆ ಜಯಲತಾಳಿಗೆ ಆಸೆ ಇರಲಿಲ್ಲ ಎಂದರೆ ಹಸಿ ಸುಳ್ಳು. ಆದರೆ ಕಾಂಚನಾಳಿಗೆ ಮಕ್ಕಳಿಲ್ಲ, ತನಗೆ ನಿಕಿತಾ ಇದ್ದಾಳೆ ಎಂದುಕೊಂಡರೆ ಉರಿ ಸ್ವಲ್ಪ ತಣ್ಣಗಾಗುತ್ತಿತ್ತು. ಕೆಟ್ಟ ಸಮಾಧಾನವೇ ಸರಿ, ಆದರೂ ಸಮಾಧಾನ.

ಕೋಪರಿಯ ಮನೆಗೆ ಅದರದ್ದೇ ಒಂದು ಸಂಪ್ರದಾಯವಿತ್ತು. ಫ್ರಿಜ್ಜಿನ ಮುಂದೆ ಸದಾ ಒಂದು ಜೊತೆ ರಬ್ಬರ್ ಚಪ್ಪಲಿ. ಅದನ್ನು ಮೆಟ್ಟದೆ ಬಾಗಿಲಿಗೆ ಕೈ ಹಾಕುವಂತಿಲ್ಲ, ಹಾಕಿದರೆ ಶಾಕ್. ಗ್ರೈಂಡರಿನಲ್ಲಿ ಹಿಟ್ಟು ಬೀಸುವಾಗ ಮರದ ಮಣೆಯ ಮೇಲೆ ನಿಲ್ಲಬೇಕು. ಗೀಸರ್ ಹಾಕಿ ನೀರು ಕಾಯಿಸಿ, ಸ್ವಿಚ್ ಆರಿಸಿದ ಮೇಲೆಯೇ ನಲ್ಲಿ ಮುಟ್ಟಬೇಕು. ಅಷ್ಟಾಗಿಯೂ ಮೊದಲು ಬೆರಳಿನ ಹಿಂಬದಿ ತಾಗಿಸಿ ನೋಡಬೇಕು. ನಿಕಿತಾ ನಡೆಯುವುದರ ಜೊತೆಗೆ ಇದನ್ನೂ ಕಲಿತಿದ್ದಳು. ಹೊಸಬರು ಬಂದರೆ ಜಯಲತಾ ಕಾಫಿಗಿಂತ ಮೊದಲು ಚಪ್ಪಲಿ ತೋರಿಸುತ್ತಿದ್ದಳು.

ಮಗಳ ಸೀಮಂತದ ದಿನ ಮಾತ್ರ ಗಡಿಬಿಡಿಯಲ್ಲಿ ಮರೆತಳು. ನಿಕಿತಾಳ ಅತ್ತೆ, ಬದಲಾಪುರದ ಬೀಗಿತ್ತಿ, ಕಾಲು ತೊಳೆದು ಬಂದವರು ಒದ್ದೆ ಕಾಲಲ್ಲೇ ಫ್ರಿಜ್ಜಿನ ಬಾಗಿಲು ಹಿಡಿದರು. ಚಿಟಾರನೆ ಚೀರಿದರು, ಕೈಯಲ್ಲಿದ್ದ ಪಾಯಸದ ಪಾತ್ರೆ ನೆಲದ ಪಾಲಾಯಿತು. ಉಸಿರು ತಿರುಗಿದ ಮೇಲೆ ಬೀಗಿತ್ತಿ ಆಡಿದ ಮೊದಲ ಮಾತೇ, ಈ ಮನೆಯಲ್ಲಿ ಬಾಣಂತನ ಬೇಡ ಎಂದು. ಅಷ್ಟರಲ್ಲಿ ಕಾಂಚನಾ ಸೆರಗಿನಿಂದ ಪಾಯಸ ಒರೆಸುತ್ತ, ತಮ್ಮಲ್ಲಿ ಎಲ್ಲವೂ ಹೊಸದು, ಹುಡುಗಿ ಅಲ್ಲೇ ಇರಲಿ ಎಂದುಬಿಟ್ಟಳು. ಎಷ್ಟು ಮೆತ್ತಗೆ ಅಂದಳೆಂದರೆ ಜಯಲತಾಳಿಗೆ ಜಗಳ ತೆಗೆಯಲೂ ಒಂದು ಎಳೆ ಸಿಗಲಿಲ್ಲ.

ಚೊಚ್ಚಲ ಬಾಣಂತನ ತಾಯಿಮನೆಯದ್ದು. ಅದಕ್ಕಾಗಿ ಆಕೆ ಊರಿನಿಂದ ಲೇಹ್ಯ ತರಿಸಿದ್ದಳು, ಹಳೆಯ ಸೀರೆಗಳನ್ನು ಒಗೆದು ಮಡಿಸಿಟ್ಟಿದ್ದಳು. ಮಗಳ ಮುಖ ನೋಡಿದಳು. ನಿಕಿತಾ ಕಣ್ಣು ತಪ್ಪಿಸಿದಳು.

"ಅಮ್ಮಾ, ರೆಹ್ನೇ ದೋ ನಾ, ಬಿಟ್ಬಿಡು," ಎಂದಳು. "ದೊಡ್ಡವರಿಗೆ ಹೊಡೆದ್ರೆ ಓಕೆ. ಮಗುಗೆ ಹೊಡೆದ್ರೆ?"

ಮರುದಿನವೇ ಜಯಲತಾ ವೈರಿಂಗ್ ಕೆಲಸದ ಸಂಗಮೇಶನನ್ನು ಹಿಡಿದು ತಂದಳು. ಕಲಬುರಗಿ ಕಡೆಯವನು, ತುರ್ಭೆಯಲ್ಲಿರುವವನು. ಗೋಡೆಯ ಸಾಕೆಟ್ಟುಗಳನ್ನು ಬಿಚ್ಚಿ ನೋಡಿದ.

"ಅಕ್ಕಾರ, ಹೊರಗ ತೂತು ಮೂರು ಅದಾವ, ಒಳಗ ತಂತಿ ಎರಡ ಅದಾವ್ರಿ," ಎಂದ. "ಹಸಿರು ತಂತಿನ ಇಲ್ಲ."

ಸೋರಿದ ಕರೆಂಟನ್ನು ನೆಲಕ್ಕೆ ಇಳಿಸುವ ಅರ್ಥಿಂಗ್ ಆಗಬೇಕೆಂದರೆ ಕೆಳಗೆ ಅಂಗಳದಲ್ಲಿ ಗುಂಡಿ ತೋಡಿ, ಅಲ್ಲಿಂದ ಹಸಿರು ತಂತಿಯನ್ನು ಮೇಲೆ ತರಬೇಕಿತ್ತು. ಸೊಸೈಟಿಯ ಸೆಕ್ರೆಟರಿ ಕೇಳಿ ನಕ್ಕ. ಇಂದೋ ನಾಳೆಯೋ ಕೆಡವಿ ಕಟ್ಟುವ ರೀಡೆವಲಪ್‌ಮೆಂಟಿಗೆ ಹೋಗುವ ಬಿಲ್ಡಿಂಗಿಗೆ ಯಾರು ಗುಂಡಿ ತೋಡುತ್ತಾರೆ ಎಂದ. ಹಾಗಾದರೆ ನೀರಿನ ಪೈಪಿಗೇ ತಂತಿ ಕಟ್ಟು ಎಂದು ಜಯಲತಾ ಹಟ ಹಿಡಿದಳು. ಕೆಳಗಿನ ಮನೆಗಳ ನಲ್ಲಿಗೂ ಕರೆಂಟ್ ಹೋಗುತ್ತದೆ ಎಂದು ಸಂಗಮೇಶ ಒಪ್ಪಲಿಲ್ಲ. ಕೊನೆಗೆ ಮೀಟರಿನ ಪಕ್ಕ ಒಂದು ಸ್ವಿಚ್ ಕೂರಿಸಿದ. ಯಾರಿಗಾದರೂ ಜೋರಾಗಿ ಶಾಕ್ ಹೊಡೆದರೆ ಅದು ತಾನಾಗಿ ಬಿದ್ದು ಇಡೀ ಮನೆಯ ಕರೆಂಟ್ ನಿಲ್ಲಿಸುತ್ತದೆ, ಜೀವಕ್ಕೆ ಅಪಾಯವಿಲ್ಲ, ಆದರೆ ಚಪ್ಪಲಿ ಬಿಡಬೇಡಿ ಎಂದ. ಜಯಲತಾ ಇದನ್ನು ಬೀಗಿತ್ತಿಗೆ ಫೋನಿನಲ್ಲಿ ವಿವರಿಸಿದಳು. ಆ ಕಡೆಯವರು ಹೂಂ ಅಂದರೇ ಹೊರತು ಮನಸ್ಸು ಬದಲಿಸಲಿಲ್ಲ.

ಹೆಣ್ಣು ಮಗು ಹುಟ್ಟಿತು. ಆಸ್ಪತ್ರೆಯಿಂದ ಸೀದಾ ಖಾರ್ಘರಿಗೆ, ಕಾಂಚನಾಳ ಮನೆಗೆ ಹೋಯಿತು. ಇತ್ತ ಅಜ್ಜಿಯಾದವಳು ಬೆಳಗಾದರೆ ಎಣ್ಣೆಯ ಬಾಟಲಿ ಚೀಲಕ್ಕೆ ಹಾಕಿಕೊಂಡು ಪನವೇಲ್ ಕಡೆಯ ಲೋಕಲ್ ಗಾಡಿ ಹತ್ತಬೇಕಾಯಿತು, ಸ್ವಂತ ಮೊಮ್ಮಗಳಿಗೆ ನೀರು ಹಾಕಲು, ಕೆಲಸದವಳ ಹಾಗೆ! ಅಲ್ಲಿ ವಾಚ್‌ಮನ್ ದಿನಾ ಹೆಸರು ಕೇಳುತ್ತಿದ್ದ. ಒಳಗೆ ಹೋದರೆ ಕಾಂಚನಾಳ ಫ್ರಿಜ್ ಗುಂಯ್ ಎನ್ನದೆ ನಿಂತಿರುತ್ತಿತ್ತು, ಬರಿಗಾಲಲ್ಲಿ ಮುಟ್ಟಿದರೂ ಸುಮ್ಮನೆ. ಜಯಲತಾ ಬೇಕೆಂದೇ ಮುಟ್ಟಿ ನೋಡುತ್ತಿದ್ದಳು. ಕಾಂಚನಾಳ ಸಾರಿಗೆ ಉಪ್ಪು ಸಾಲದು, ಲೇಹ್ಯವನ್ನು ಸರಿಯಾದ ಹೊತ್ತಿಗೆ ಕೊಡುವುದಿಲ್ಲ, ಕಿಟಕಿ ತೆರೆದು ಗಾಳಿಗೆ ಒಡ್ಡುತ್ತಾಳೆ, ಹೀಗೆ ಹುಡುಕಿ ಹುಡುಕಿ ತಪ್ಪು ಹೆಕ್ಕಿ ಸಂಜೆ ಸರ್ವೋತ್ತಮನ ತಲೆ ತಿನ್ನುತ್ತಿದ್ದಳು. ಒಂದನ್ನು ಮಾತ್ರ ಹೇಳುತ್ತಿರಲಿಲ್ಲ: ತನ್ನ ತೊಡೆಯ ಮೇಲೆ ಕಿರುಚುವ ಮಗು ಕಾಂಚನಾ ಎತ್ತಿಕೊಂಡ ಕೂಡಲೇ ಸುಮ್ಮನಾಗುತ್ತಿತ್ತು.

ಒಂದು ದಿನ ಗಾಡಿ ತಡವಾಯಿತು. ಜಯಲತಾ ಒಳಗೆ ಬರುವಾಗ ನಿಕಿತಾ ಇನ್ನೂ ಮಲಗಿದ್ದಳು. ಬಾತ್‌ರೂಮಿನಲ್ಲಿ ಕಾಂಚನಾ ಸೀರೆ ಎತ್ತಿ ಕಟ್ಟಿ, ನೆಲದ ಮೇಲೆ ಕಾಲು ನೀಡಿ ಕೂತು, ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡಿದ್ದಳು. ಮೈಗೆ ಎಣ್ಣೆ ಹಚ್ಚಿ ಆಗಿತ್ತು.

"ಇವತ್ತು ನಾನೇ ಮೀಯಿಸ್ತೇನೆ ಅಕ್ಕ," ಎಂದಳು. "ನಿಮ್ಮನ್ನ ನೋಡಿ ನೋಡಿ ಕಲ್ತೆ."

ಜಯಲತಾಳ ಮೈಯೆಲ್ಲ ಉರಿದುಹೋಯಿತು. ಇದೊಂದೇ ಉಳಿದಿತ್ತಲ್ಲ ತನಗೆ, ಇದನ್ನೂ ಕಿತ್ತುಕೊಂಡಳಲ್ಲ ಈ ಹೆಂಗಸು! ಒಳಗೆ ಹೋಗಿ, ಕೈ ತೊಳೆಯುವ ನೆಪದಲ್ಲಿ ನಲ್ಲಿಗೆ ಬೆರಳಿನ ಹಿಂಬದಿ ತಾಗಿಸಿದಳು.

ಜುಂ ಎಂದಿತು. ಅವಳು ಇಷ್ಟು ವರ್ಷ ಯಾವುದರ ಜೊತೆ ಸಂಸಾರ ಮಾಡಿದಳೋ ಅದೇ ಜುಂ.

ಮೇಲೆ ನೋಡಿದರೆ ಗೀಸರಿನ ಕೆಂಪು ದೀಪ ಉರಿಯುತ್ತಿತ್ತು. ದಿನಾ ನೀರು ತುಂಬಿಸುತ್ತಿದ್ದವಳು ನಿಕಿತಾ, ಕೋಪರಿಯ ಅಭ್ಯಾಸದಂತೆ ಸ್ವಿಚ್ ಆರಿಸಿಯೇ ನಲ್ಲಿ ತಿರುಗಿಸುತ್ತಿದ್ದಳು. ಉಳಿದ ಹೊತ್ತು ಈ ಮನೆಯವರ ಕಾಲಲ್ಲಿ ಬಾತ್‌ರೂಮಿನ ಚಪ್ಪಲಿ. ಗೀಸರ್ ಉರಿಯುವಾಗ ಬರಿಮೈ ನೆಲಕ್ಕೆ ತಾಗಿಸಿ ಇಲ್ಲಿ ನಲ್ಲಿ ಮುಟ್ಟಿದವರೇ ಇರಲಿಲ್ಲ. ಇದೆಲ್ಲ ಹೊಳೆದದ್ದೇ ತಡ, ಜಯಲತಾಳಿಗೆ ಆದದ್ದು ಹೆದರಿಕೆಯಲ್ಲ, ಸಂತೋಷ. ಸಿಕ್ಕಿಬಿದ್ದೆಯಲ್ಲೇ ಕಾಂಚನಾ! ಬೀಗಿತ್ತಿಗೆ ಹೇಗೆ ಹೇಳಬೇಕು, ಯಾವ ಮಾತಿನಿಂದ ಶುರು ಮಾಡಬೇಕು ಎಂದು ಅಲ್ಲೇ ನಿಂತು ಸವಿದಳು.

ಆ ಸವಿಯಲ್ಲಿ ಅವಳಿದ್ದಾಗ ಕಾಂಚನಾ ಒಂದು ಕೈಯಲ್ಲಿ ಮಗುವಿನ ತಲೆ ಹಿಡಿದು, ಇನ್ನೊಂದು ಒದ್ದೆ ಕೈಯನ್ನು ನಲ್ಲಿಯತ್ತ ಚಾಚಿದಳು.

ಜಯಲತಾ ಅವಳ ಕೈಗೆ ರಪ್ಪನೆ ಬಾರಿಸಿದಳು. ಹೊರಗೆ ಧಾವಿಸಿ ಸ್ವಿಚ್ ಆರಿಸಿದಳು. ಬಂದು ಬಾಗಿಲಿಗೆ ಒರಗಿದಳು. ಕಾಂಚನಾ ಹೊಡೆತ ತಿಂದ ಕೈ ಹಿಡಿದು ಪಿಳಿಪಿಳಿ ನೋಡುತ್ತಿದ್ದಳು. ವಿಷಯ ತಿಳಿದ ಮೇಲೆ ಬಿಳಿಚಿಕೊಂಡಳು. ಸಂಗಮೇಶ ಕೂರಿಸಿದಂಥದ್ದೇ ಸ್ವಿಚ್ ಇಲ್ಲೂ ಮೀಟರಿನ ಹತ್ತಿರ ಇತ್ತಂತೆ, ಗೀಸರ್ ಹಾಕಿದಾಗಲೆಲ್ಲ ಅದು ಬೀಳುತ್ತಿತ್ತಂತೆ. ಕಿರಿಕಿರಿ ಎಂದು ಇವಳೇ ಇಂಟೀರಿಯರ್ ಕೆಲಸದವನಿಗೆ ಹೇಳಿ, ಆ ಸ್ವಿಚ್ಚನ್ನು ತಪ್ಪಿಸಿ, ಗೀಸರಿನ ಹಸಿರು ತಂತಿಯನ್ನೂ ಕೀಳಿಸಿದ್ದಳಂತೆ. ಆಮೇಲೆ ಬೀಳುವುದು ನಿಂತಿತ್ತು.

"ಮಗು ನನ್ನ ಕಾಲ ಮೇಲೆ ಇತ್ತು ಅಕ್ಕ," ಎಂದಳು ಕಾಂಚನಾ. ಅದನ್ನೇ ಮತ್ತೆ ಮತ್ತೆ ಹೇಳಿದಳು.

ಗಲಾಟೆಗೆ ಎದ್ದು ಬಂದ ನಿಕಿತಾ ಎಲ್ಲ ಕೇಳಿ ಮಗುವನ್ನು ಎತ್ತಿಕೊಂಡಳು. "ಅಮ್ಮ, ಘರ್ ಚಲೋ, ಕೋಪರಿಗೇ ಹೋಗೋಣ," ಎಂದಳು. ತಿಂಗಳುಗಟ್ಟಲೆ ಜಯಲತಾ ಬೇಡಿಕೊಂಡ ಮಾತು ಅದು. ಕಾಂಚನಾ ಒಳಗೆ ಹೋಗಿ, ಮಗುವಿನ ಬಟ್ಟೆಗಳನ್ನು ಒಂದೊಂದಾಗಿ ಮಡಿಸಿ ಚೀಲಕ್ಕೆ ತುಂಬಿದಳು. ಬೀಗಿತ್ತಿಗೆ ಜಯಲತಾ ಫೋನ್ ಮಾಡಿದಳು ನಿಜ, ಆದರೆ ತನಗೇ ಮೊಮ್ಮಗಳನ್ನು ಬಿಟ್ಟಿರಲು ಆಗುವುದಿಲ್ಲ ಎಂದಷ್ಟೇ ಹೇಳಿದಳು.

ಮರುದಿನ ಬೆಳಿಗ್ಗೆ ಕೋಪರಿಯ ಮನೆಯಲ್ಲಿ ಗ್ಯಾಸಿನ ಮೇಲೆ ಬಾಣಂತಿಯ ನೀರು ಕಾಯುತ್ತಿತ್ತು. ಮಗು ಅಳುತ್ತಿತ್ತು. ಜಯಲತಾ ತಟ್ಟಿದಳು, ತೂಗಿದಳು, ಹಾಡಿದಳು. ಅದು ಇನ್ನಷ್ಟು ಕಿರುಚಿತು. ಬಾಗಿಲು ತಟ್ಟಿದ ಸದ್ದಾಯಿತು. ಗಾಡಿಯ ರಶ್ಶಿನಲ್ಲಿ ಸೀರೆ ಮುದುಡಿಸಿಕೊಂಡು ಕಾಂಚನಾ ನಿಂತಿದ್ದಳು, ಕೈಯಲ್ಲಿ ಎಣ್ಣೆಯ ಬಾಟಲಿ.

"ಒಮ್ಮೆ ನೋಡಿ ಹೋಗ್ತೇನೆ ಅಕ್ಕ," ಎಂದಳು.

ಆ ದನಿ ಕೇಳಿದ್ದೇ ಮಗು ಅಳು ನಿಲ್ಲಿಸಿತು. ಜಯಲತಾಳ ಹೊಟ್ಟೆ ಮತ್ತೆ ಭಗ್ಗೆಂದಿತು. ಅವಳು ಮಗುವನ್ನು ಎದೆಗೆ ಒತ್ತಿಕೊಂಡಳು. ಆಮೇಲೆ ಫ್ರಿಜ್ಜಿನ ಮುಂದಿದ್ದ ರಬ್ಬರ್ ಚಪ್ಪಲಿಯನ್ನು ಕಾಲಿನಿಂದಲೇ ಓರಗಿತ್ತಿಯ ಕಡೆ ತಳ್ಳಿದಳು.

"ಮೊದ್ಲು ಇದನ್ನ ಹಾಕ್ಕೊ," ಎಂದಳು. "ಆಮೇಲೆ ಎತ್ಕೊ."