ರೇಣುಕಾಳ ಮನೆಗೆ ಹೋದವರು ಯಾರು

ಮಾಯ, ಮಾಟ ಎಂಬ ಮಾತು ಬಂದರೆ ನಾನು ಎದ್ದು ಹೋಗುವವಳು. ಬಹಳ ವರ್ಷ ನರ್ಸ್ ಕೆಲಸ ಮಾಡಿ, ಬಿ.ಪಿ. ಯಂತ್ರ ತೋರಿಸಿದ್ದನ್ನಷ್ಟೇ ನಂಬುವ ಅಭ್ಯಾಸವಾಗಿತ್ತು. ಈಗ ಹೇಳುವುದನ್ನು ನೀವು ನಂಬಲೇಬೇಕೆಂದು ಹಟ ಹಿಡಿಯುವುದಿಲ್ಲ.

ಆಗ ನಾನು ನೇಸರಗಿಯ ಆಸುಪಾಸಿನ ಒಂದು ಆರೋಗ್ಯ ಕೇಂದ್ರದಲ್ಲಿದ್ದೆ. ಒಂದು ಶನಿವಾರ ರೇಣುಕಾ ಎಂಬ ಚೊಚ್ಚಲ ಬಸುರಿ ತಪಾಸಣೆಗೆ ಬಂದಳು. ಎಂಟು ತಿಂಗಳು ತುಂಬಿತ್ತು, ಕಾಲು ಬಾತಿದ್ದವು, ಬಿ.ಪಿ. ಏರಿತ್ತು. ಹೆರಿಗೆ ಬೆಳಗಾವಿಯ ದೊಡ್ಡ ಆಸ್ಪತ್ರೆಯಲ್ಲೇ ಆಗಬೇಕೆಂದು ಡಾಕ್ಟರು ತಾಯಿ ಕಾರ್ಡಿನ ಮೇಲೆ ಕೆಂಪು ಗುರುತು ಹಾಕಿದರು. ಅವಳ ಅತ್ತೆ ಗಂಗವ್ವನ ಮುಖ ಸಣ್ಣದಾಯಿತು. ಸೀಮಂತದ ಕುಬಸ ಮುಗಿದಿತ್ತು, ರೇಣುಕಾಳನ್ನು ತವರಿಗೆ ಕರೆದೊಯ್ಯಲು ಮರುದಿನ ಮಧ್ಯಾಹ್ನ ಮನೋಳಿಯಿಂದ ಅಣ್ಣಂದಿರು ಗಾಡಿ ತರುವವರಿದ್ದರು.

"ಚೊಚ್ಚಲ ಹಡಿಯಾಕ ತವರಿಗಿ ಕಳಸಲಿಲ್ಲಂದ್ರ ಬೀಗರು ಏನಂದಾರ್ರೀ ಬಾಯಾರ? ಬ್ಯಾನಿ ಬಂದ ಮ್ಯಾಲ ಅಲ್ಲಿಂದನ ದವಾಖಾನಿಗಿ ಹೋದ್ರಾತು" ಎಂದಳು ಗಂಗವ್ವ. ಎಲ್ಲಿ ಹೆರಬೇಕೆಂದು ರೇಣುಕಾಳನ್ನು ಯಾರೂ ಕೇಳಲಿಲ್ಲ. ನಿಜ ಹೇಳಬೇಕೆಂದರೆ ನಾನೂ ಕೇಳಲಿಲ್ಲ.

ಅವರು ಹೋದ ಮೇಲೆ ಮೂತ್ರದ ವರದಿ ಬಂತು. ಅಂದೇ ದೊಡ್ಡ ಆಸ್ಪತ್ರೆ ಸೇರಬೇಕಾದಂಥ ವರದಿ. ಫೋನ್ ಹತ್ತಲಿಲ್ಲ. ಅವರ ಊರಿಗೆ ಎರಡು ಮೈಲಿ ನಡಿಗೆ. ಛತ್ರಿ ಹಿಡಿದು ಹೊರಟವಳು ಬಸ್ ನಿಲ್ದಾಣ ದಾಟುವಷ್ಟರಲ್ಲಿ ಗಾಳಿಗೆ ಅದರ ಕಡ್ಡಿ ಮುರಿಯಿತು. ನೆತ್ತಿ ಸುಡುವ ಬಿಸಿಲು. ಅಣ್ಣಂದಿರು ಬರುವುದು ನಾಳೆ ಮಧ್ಯಾಹ್ನ ತಾನೇ, ಬೆಳಿಗ್ಗೆ ಹೋದರಾಯಿತು ಎಂದುಕೊಂಡು ಮನೆಗೆ ಮರಳಿದೆ. ಕಡ್ಡಿಗೆ ಬ್ಯಾಂಡೇಜು ಸುತ್ತಿ, ಛತ್ರಿಯನ್ನು ಗೂಟಕ್ಕೆ ತೂಗುಹಾಕಿ ಮಲಗಿಬಿಟ್ಟೆ. ಅದಕ್ಕೆ ಇಂದಿಗೂ ನಾಚಿಕೆಯಾಗುತ್ತದೆ.

ಭಾನುವಾರ ಬೆಳಿಗ್ಗೆ ಛತ್ರಿ ಬಿಟ್ಟೇ ಹೋದೆ. ಅವರ ಮನೆಯ ಕಟ್ಟೆಯ ಮೇಲೆ ಒಬ್ಬಳೇ ಕುಳಿತಿದ್ದ ಗಂಗವ್ವ ಎದ್ದು ಬಂದು ನನ್ನ ಕೈ ಹಿಡಿದುಕೊಂಡಳು.

"ಬೆಳಗಾವಿ ಮುಟ್ಟಿದ ಕೂಡ್ಲೆ ಫಿಟ್ಸ್ ಬಂದು ಆಪರೇಶನ್ ಮಾಡ್ಯಾರ. ತಾಯಿ, ಕೂಸು ಎರಡೂ ಉಳದಾವ್ರಿ. ನಿನ್ನಿ ಮಧ್ಯಾಹ್ನ ನೀವು ಬಂದು ಹೇಳಲಿಲ್ಲಂದ್ರ ಏನ ಗತಿ ಇತ್ರಿ?"

"ನಾನು ಬಂದಿದ್ದೆನೇ?" ಎಂದೆ.

"ಹೌದ್ರಿ. ಚಾ ಕುಡೀರಿ ಅಂದ್ರ ಒಳಗ ಸೈತ ಬರಲಿಲ್ಲ. ಹೊಸ್ತಿಲದಾಗ ನಿಂತು, ಇವತ್ತ ಬೆಳಗಾವಿಗಿ ಒಯ್ರಿ ಅಂದ್ರಿ. ಛತ್ರಿಗಿ ಬ್ಯಾಂಡೇಜ್ ಕಟ್ಟೀರಿ ಅಂತ ರೇಣುಕಾ ನಕ್ಕಳು."

ಬ್ಯಾಂಡೇಜು ಸುತ್ತಿದ್ದನ್ನು ಯಾರೂ ಕಂಡಿರಲಿಲ್ಲ. ನಾನು ಒಳಗಿನಿಂದ ಚಿಲಕ ಹಾಕಿ ಮಲಗಿದ್ದೆ. ನಿದ್ದೆಯಲ್ಲಿ ನಡೆಯುವ ಅಭ್ಯಾಸ ನನಗಿಲ್ಲ. ನಡೆದಿದ್ದರೂ ಹಾಡುಹಗಲು ಎರಡು ಮೈಲಿ ದಾರಿಯಲ್ಲಿ ಯಾರಾದರೂ ಮಾತಾಡಿಸಿ ಎಬ್ಬಿಸುತ್ತಿದ್ದರು. ಎಷ್ಟು ಯೋಚಿಸಿದರೂ ತಾಳೆಯಾಗಿಲ್ಲ. ನಾನು ಬಂದಿರಲಿಲ್ಲ ಎಂದು ಗಂಗವ್ವನಿಗೆ ಹೇಳುವ ಧೈರ್ಯವಾಗದೆ, ಅವಳು ಕೊಟ್ಟ ಚಹಾ ಕುಡಿದು ಬಂದೆ.

ಮುಂದೆ ಕೂಸಿಗೆ ಲಸಿಕೆ ಹಾಕಿಸಲು ಬಂದಾಗ ರೇಣುಕಾ ತಾನಾಗಿ ಮಾತು ತೆಗೆದಳು. "ಅವತ್ತ ನೀವು ಎಲ್ಲಿ ಹಡಿತಿ ತಂಗಿ ಅಂತ ನನ್ನ ಕೇಳಿದ್ರಿ. ನಾ ಬೆಳಗಾವಿ ಅಂದೆ. ಅದಕ್ಕ ಅತ್ತಿ ಒಪ್ಪಿದ್ರು."

ನನ್ನ ಬದಲು ಹೋದವಳು ಅದನ್ನೂ ಕೇಳಿದ್ದಳು.

ಈಗ ಕಾರ್ಡಿಗೆ ಕೆಂಪು ಗುರುತು ಬಿದ್ದ ದಿನವೇ ಆ ಮನೆಗೆ ಹೋಗುತ್ತೇನೆ. ಮೊದಲು ಬಸುರಿಯನ್ನೇ ಕೇಳುತ್ತೇನೆ. ಇನ್ನೊಮ್ಮೆ ಯಾರಾದರೂ ನನ್ನ ಬದಲು ಹೋಗುತ್ತಾರೆಂದು ನಂಬಿ ಕೂರಲು ನನಗೆ ಧೈರ್ಯವಿಲ್ಲ.